ವನಜಕ್ಕನ ‘ಹೂಂ’ ವಾಪಸ್ ಕೊಡಿ

ಬ್ರಿಟನ್ನಿನ ಸ್ವತಂತ್ರ ಸಿನಿಮಾಗಳನ್ನು ಪೋಷಿಸುವ ಕಚೇರಿಯ ಕಥಾ ಅಭಿವೃದ್ಧಿ ಅಧಿಕಾರಿಗಳೇ,

ನೀವು ನಮ್ಮ ಮಿಡಿಗೇಶಿಯ ವನಜಾ ಎಂಬ ಹೆಂಗಸಿನ ದನಿಯನ್ನು ಒಂದು ಸಿನಿಮಾದಿಂದ ಕಿತ್ತು ಹಾಕಿಸಿದ್ದೀರಿ. ಅದು ತಪ್ಪು. ಲಂಡನ್ನಿನಲ್ಲಿ ಕೂತು, ಒಂದು ಇ-ಮೇಲಿನಲ್ಲಿ, ‘ಪ್ರೀತಿಯ ಸಲಹೆಗಳು’ ಎಂಬ ತಲೆಬರಹ ಕೊಟ್ಟು ಈ ಕೆಲಸ ಮಾಡಿದ್ದೀರಿ. ಮಧುಗಿರಿ ಬಸ್ ನಿಲ್ದಾಣದಲ್ಲಿ ಕೈಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿ ಬೆಳೆದವನು ನಾನು. ಸಾಮ್ರಾಜ್ಯಶಾಹಿ ಹೀಗೆ ಪ್ರೀತಿಯಿಂದಲೂ ಬರುತ್ತದೆಂದು ಅವುಗಳಲ್ಲಿ ಯಾರೂ ಬರೆದಿರಲಿಲ್ಲ.

ಮೊದಲು ನಿಮ್ಮ ಒಳ್ಳೆಯತನವನ್ನು ಒಪ್ಪಿಕೊಳ್ಳುತ್ತೇನೆ. ಈ ಸಿನಿಮಾ ಮಾಡಿದ ಎಲಿನ್ ವೇಲ್ಸಿನ ಒಬ್ಬ ಬಸ್ ಚಾಲಕರ ಮಗಳು. ನಿಮ್ಮ ಕಚೇರಿ ಕೈಹಿಡಿಯದಿದ್ದರೆ ತಾನು ಇವತ್ತಿಗೂ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ ಎಂದು ಅವಳೇ ಹೇಳಿದಳು. ಕೆಲಸ ಮಾಡುತ್ತಾ ಕಥೆ ಹೇಳುವ ಹೆಂಗಸರ ಬಗ್ಗೆ ಹನ್ನೆರಡು ನಿಮಿಷದ ತನ್ನ ಮೊದಲ ಸಿನಿಮಾ ಮಾಡಲು ಅವಳು ನಮ್ಮೂರಿಗೆ ಬಂದದ್ದು ನಿಮ್ಮ ಬೆಂಬಲದಿಂದಲೇ. ಸಂತೋಷ. ಆದರೆ ಕೈಹಿಡಿದವರು ಆ ಕೈಯಿಂದ ತಮ್ಮ ಅಕ್ಷರವನ್ನೇ ಬರೆಸುವುದಾದರೆ, ಆ ಸಿನಿಮಾ ಯಾರಿಂದ ಸ್ವತಂತ್ರ, ಸ್ವಾಮಿ?

ನಡೆದದ್ದು ಕೇಳಿ. ನಮ್ಮೂರ ಕೋಟೆಯ ಬುಡದಲ್ಲಿ, ಕಥೆ ಹೇಳುವ ನರಸಿಂಹಮ್ಮನವರ ಅಂಗಳ. ಕಡಲೆಕಾಯಿ ಬಿಡಿಸುವ ಹೆಂಗಸರು ಕೂತಿದ್ದರು. ಮೈಕಿನ ಕೋಲು ಹಿಡಿದವನು, ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಮಾತು ದಾಟಿಸಿದವನು ನಾನೇ. ಶಬ್ದ ಹಿಡಿಯುವ ದೊರೆ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದ. ನರಸಿಂಹಮ್ಮ ಕಥೆ ಶುರು ಮಾಡಿ, ನಾಲ್ಕು ಮಾತು ಆಡಿ, ನಿಂತುಬಿಟ್ಟರು.

“ಲೇ ತಿಪ್ಪೇರುದ್ರ, ಎಲ್ರೂ ಸತ್ತೋದ್ರೇನ್ಲಾ? ಹೂಂ ಅನ್ನೋರೇ ಇಲ್ವಲ್ಲ, ಗೋಡೆಗೆ ಹೇಳ್ಲಾ ಕಥೆಯಾ?”

ನಮ್ಮಲ್ಲಿ ಕಥೆ ಹೇಳುವವರು ಒಬ್ಬರಾದರೆ ಹೂಂಗುಟ್ಟುವವರು ಇನ್ನೊಬ್ಬರು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಎಲಿನ್‌ಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ವನಜಕ್ಕನನ್ನು ಪಕ್ಕದ ರಾಶಿಯಿಂದ ಕರೆದು ಕೂರಿಸಿದಳು. ಕಥೆ ಓಡಿತು. ಕೋಟೆಯ ಪಾಳೇಗಾರನ ಸೊಸೆ, ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಹೋಗುತ್ತಾಳೆ. ನರಸಿಂಹಮ್ಮನವರ ಬಾಯಲ್ಲಿ ನಾನು ಚಿಕ್ಕಂದಿನಿಂದ ಕೇಳಿದಂತೆ, ಕೊನೆಗೆ ಗಂಡನ ಮನೆಗೇ ಮರಳುತ್ತಾಳೆ. ಆ ದಿನವೂ ಮರಳಿದಳು. ವನಜಕ್ಕ ಹೂಂ ಅನ್ನಲಿಲ್ಲ.

“ಯಾಕಮ್ಮಿ, ಸುಮ್ಕಾದೆ?”

“ನಾನ್ ಹೂಂ ಅನ್ನಾಕಿಲ್ಲ ಕಣಕ್ಕ. ಹೊಡ್ದೋನ ಮನೆಗೆ ಯಾಕೆ ವಾಪಸ್ ಹೋಯ್ತಾಳೆ ಅವ್ಳು?”

“ನಮ್ಮವ್ವ ಹಂಗೇ ಯೋಳಿದ್ದು.”

“ನಿಮ್ಮವ್ವಂಗೆ ಯಾರೋ ಹೂಂ ಅಂದವ್ರೆ. ನಾನು ಅನ್ನಾಕಿಲ್ಲ.”

ನರಸಿಂಹಮ್ಮ ನಾಲ್ಕು ಕಾಯಿ ಬಿಡಿಸಿದರು. ಕ್ಯಾಮೆರಾ ಓಡುತ್ತಲೇ ಇತ್ತು. “ಆಯ್ತು ಬುಡು, ಹೋಗ್ಲಿಲ್ಲ ಕಣಮ್ಮಿ. ಕೆರೆ ಏರಿ ದಾಟಿ, ಆಚೆ ಊರಾಗೆ ತಾನೇ ಒಂದು ಅಂಗಡಿ ಇಟ್ಲು.”

“ಹೂಂ” ಎಂದರು ವನಜಕ್ಕ.

ಈಗ ಎಲಿನ್‌ಗೆ ನೀವು ಬರೆದ, ಅವಳು ನನಗೆ ತೋರಿಸಿದ ಆ ಇ-ಮೇಲಿಗೆ ಬರೋಣ. ‘ಸೊಸೆ ಮರಳದಿರುವ ಅಂತ್ಯ ಅತ್ಯಂತ ದಿಟ್ಟವಾಗಿದೆ’ ಎಂದು ಮೊದಲ ಸಾಲಿನಲ್ಲಿ ಹೊಗಳಿದ್ದೀರಿ. ಅದರ ಕೆಳಗೇ, ‘ಎರಡನೆಯ ಹೆಂಗಸು ನಲವತ್ತೇಳು ಸಲ ಒಂದೇ ಶಬ್ದ ಹೇಳುತ್ತಾಳೆ. ಪಾತ್ರದಲ್ಲಿ ಬೆಳವಣಿಗೆ ಇಲ್ಲ. ಒಂದೇ ಮುಖ್ಯ ಪಾತ್ರ ಸಾಕು. ಈಕೆಯನ್ನು ತೆಗೆಯುವುದು’ ಎಂದಿದ್ದೀರಿ. ನಲವತ್ತೇಳನ್ನು ಎಣಿಸುವ ತಾಳ್ಮೆ ಇದ್ದ ನಿಮಗೆ, ನಡುವೆ ಒಂದು ಕಡೆ ಬಾರದೇ ಹೋದ ಹೂಂ ಮಾತ್ರ ಕಾಣಲಿಲ್ಲವೇ? ನೀವು ಹೊಗಳಿದ ಅಂತ್ಯವನ್ನು ಕಟ್ಟಿದ್ದು ಅದೇ ಅಲ್ಲವೇ? ಆ ವಾದವನ್ನೂ ಕತ್ತರಿಸಿ, ಅಂಗಡಿಯನ್ನಷ್ಟೇ ಉಳಿಸಿಕೊಂಡಿರಲ್ಲ, ಇದಕ್ಕೆ ನಿಮ್ಮಲ್ಲಿ ‘ಅಭಿವೃದ್ಧಿ’ ಎನ್ನುತ್ತಾರೆಯೇ?

ಹೊಸ ಪ್ರತಿಯನ್ನು ಎಲಿನ್ ನನ್ನ ಮೊಬೈಲಿಗೆ ಕಳಿಸಿದಳು. ಅಂಗಳದಲ್ಲಿ ಎಲ್ಲರೂ ಕೂತು ನೋಡಿದೆವು.

“ಇದೇನ್ಲಾ, ಒಬ್ಳೇ ಮಾತಾಡ್ತಾ ಕುಂತಿವ್ನಿ, ತಲೆ ಕೆಟ್ಟೋಳಂಗೆ!” ಎಂದರು ನರಸಿಂಹಮ್ಮ.

ವನಜಕ್ಕ ತಮ್ಮ ತವರು ಪಾವಗಡದ ಕಡೆಯ ನೆಂಟರಿಗೆಲ್ಲ ಸಿನಿಮಾದಲ್ಲಿದ್ದೇನೆಂದು ಹೇಳಿಕೊಂಡು ಬಂದಿದ್ದರು. “ಹೋಗ್ಲಿ ಬುಡಕ್ಕ, ನಂದೇನೈತೆ ಅದ್ರಾಗೆ” ಎಂದು ಎದ್ದು ಹೋಗಿ, ಹಸುವಿಗೆ ಹುಲ್ಲು ಹಾಕತೊಡಗಿದರು. ಹಸು ಆಗಲೇ ಮೇಯುತ್ತಿತ್ತು.

ನರಸಿಂಹಮ್ಮ ನನ್ನ ಕಡೆ ತಿರುಗಿದರು. “ಅವ್ಳು ಇಲ್ದಿದ್ರೆ ನನ್ ಕಥೇನೂ ಬ್ಯಾಡ. ತಗ್ದಾಕು ಅಂತ ಯೋಳು ಆ ಮಗೀಗೆ.”

ಈಗ ಎಲಿನ್ ಫೋನಿನಲ್ಲಿ ಅಳುತ್ತಾಳೆ. ವನಜಕ್ಕನನ್ನು ಮರಳಿ ತಂದರೆ ನಿಮ್ಮ ಮುಂದಿನ ಹಂತದ ಬೆಂಬಲ ಸಿಗುವುದಿಲ್ಲ, ತಾರದಿದ್ದರೆ ನರಸಿಂಹಮ್ಮನವರ ಕಥೆ ಸಿಗುವುದಿಲ್ಲ. ಸೋಮವಾರ ಸಿನಿಮಾಕ್ಕೆ ಕೊನೆಯ ಬೀಗ ಹಾಕುತ್ತೀರಂತೆ, ಆಮೇಲೆ ಏನನ್ನೂ ಬದಲಿಸುವಂತಿಲ್ಲವಂತೆ. ಅಷ್ಟು ದೂರದಿಂದ ಬಂದು ನಮ್ಮ ನೆಲದ ಮೇಲೆ ಕೂತು ಕಥೆ ಕೇಳಿದ ಹುಡುಗಿಯನ್ನು ಹೀಗೆ ಇಕ್ಕಟ್ಟಿಗೆ ಸಿಲುಕಿಸುವುದೇ ಪೋಷಣೆ?

ನಮ್ಮ ಬೇಡಿಕೆ ದೊಡ್ಡದಲ್ಲ. ನಲವತ್ತೇಳು ಹೂಂಗಳೂ, ಆ ಜಗಳವೂ ಇದ್ದಲ್ಲೇ ಇರಬೇಕು. ‘ಕಥೆ: ನರಸಿಂಹಮ್ಮ ಮತ್ತು ವನಜಾ’ ಎಂದು ಒಂದೇ ಅಳತೆಯ ಅಕ್ಷರದಲ್ಲಿ ಬರಬೇಕು. ಎಲಿನ್‌ಳ ಮುಂದಿನ ಬೆಂಬಲಕ್ಕೆ ಕಲ್ಲು ಹಾಕಬಾರದು. ಆಗದು ಎನ್ನುವುದಾದರೆ ಇ-ಮೇಲಿನಲ್ಲಿ ಹೇಳಬೇಡಿ. ವನಜಕ್ಕನ ಮುಖ ನೋಡಿ ಹೇಳಿ. ನಾನು ಮಾತು ದಾಟಿಸುತ್ತೇನೆ, ಒಂದಕ್ಷರವನ್ನೂ ಸಿಹಿ ಮಾಡುವುದಿಲ್ಲ. ಇದೇ ಭಾನುವಾರ, ನಮ್ಮ ಮಧ್ಯಾಹ್ನ ಮೂರು ಗಂಟೆ, ನಿಮ್ಮ ಬೆಳಗ್ಗೆ ಹತ್ತೂವರೆ. ವಿಡಿಯೋ ಕರೆಗೆ ಬನ್ನಿ. ಇಬ್ಬರೂ ಕಾಯುತ್ತಿರುತ್ತಾರೆ.

ಇಂತಿ,
ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ವ್ಯಾನಿಗೂ ಊಟಕ್ಕೂ ನಡುವೆ ‘ಸ್ಥಳೀಯ ನೆರವು’ ಎಂದಷ್ಟೇ ಇರುವ,
ತಿಪ್ಪೇರುದ್ರ, ಮಿಡಿಗೇಶಿ