ಕಳೆದುಹೋದ ಮಾತ್ರೆಗಳು

ಮನೆ,
ಮಾರ್ಚ್ ೧೨, ಭಾನುವಾರ

ಮುದ್ದು ಗುಬ್ಬೀ,

ಹೇಗಿದ್ದೀಯ ಮಗಳೇ? ನಿದ್ದೆ ಬರುತ್ತಿದೆಯೇ, ಬೆನ್ನುನೋವು ಹೇಗಿದೆ? ಆಸ್ಪತ್ರೆಯ ಊಟ ಸಪ್ಪೆಯೆಂದು ತಟ್ಟೆ ಪಕ್ಕಕ್ಕೆ ತಳ್ಳಬೇಡ. ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಬಚ್ಚಲಲ್ಲಿ ಅಪಸ್ವರದಲ್ಲಿ ಹಾಡುವವರಿಲ್ಲ, ಟವೆಲ್ಲಿನ ಮೇಲೆ ನನ್ನ ಗ್ರೀಸ್ ಕೈಯ ಗುರುತು ಹಿಡಿದು ಬೈಯುವವರಿಲ್ಲ. ಡಿಪೋದಿಂದ ಬಂದವನು ಈಗಲೂ ನಿನ್ನ ಚಪ್ಪಲಿ ಇದೆಯೇ ಎಂದು ಬಾಗಿಲಲ್ಲೇ ನೋಡುತ್ತೇನೆ.

ಮಂಗಳವಾರ ನಿನ್ನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ಬೆನ್ನಿನ ಆಪರೇಷನ್ ಆದಮೇಲೆ ನೋವಿಗೆಂದು ಕೊಟ್ಟ ಮಾತ್ರೆ ತಿಂಗಳುಗಟ್ಟಲೆ ನುಂಗಿ ನಿನ್ನ ಮೆದುಳೇ ಬದಲಾಗಿದೆಯಂತೆ. ಬೇಕು ಎನ್ನುವ ಭಾಗ ಜೋರಾಗಿ, ಸಾಕು ಎನ್ನುವ ಭಾಗ ಸೋತುಹೋಗಿದೆಯಂತೆ. ಮೂವತ್ತು ವರ್ಷ ಬಸ್ಸಿನ ಬ್ರೇಕ್ ರಿಪೇರಿ ಮಾಡಿದವನಿಗೆ ಇಷ್ಟು ಹೇಳಿದರೆ ಸಾಕು. ಬ್ರೇಕಿನ ಲೈನರ್ ಸವೆದ ಬಸ್ಸಿನ ಡ್ರೈವರಿಗೆ ‘ಮನಸ್ಸು ಗಟ್ಟಿ ಮಾಡ್ಕೊಂಡು ನಿಲ್ಸು’ ಎಂದು ನಾನು ಯಾವತ್ತಾದರೂ ಹೇಳಿದ್ದೇನೆಯೇ? ನಿನಗೆ ಮಾತ್ರ ದಿನಾ ಅದನ್ನೇ ಹೇಳಿದೆ. ಹಂಬಲ ತಡೆಯುವ ಮಾತ್ರೆಯನ್ನು ವರ್ಷವೋ ಎರಡು ವರ್ಷವೋ ಬಿಡದೆ ತೆಗೆದುಕೊಳ್ಳಬೇಕಂತೆ. ‘ಚಟ ಬಿಡಿಸೋಕೆ ಇನ್ನೊಂದು ಚಟಾನಾ?’ ಎಂದು ಹಾರಾಡಿದವನು ನಾನೇ ತಾನೆ? ಅದನ್ನೇ ಡಾಕ್ಟರಿಗೂ ಹೇಳಿದೆ. ಅವರು ನಕ್ಕು, ‘ನೀವು ಬಿಪಿ ಮಾತ್ರೆ ಎಷ್ಟು ವರ್ಷದಿಂದ ತಗೋತಿದ್ದೀರಿ?’ ಎಂದರು. ಹದಿನೆಂಟು ವರ್ಷ.

ಹೊಸ ಲೈನರ್ ಹಾಕಿದ ಬಸ್ಸನ್ನೂ ನಾವು ಮೊದಲ ದಿನವೇ ಇಳಿಜಾರಿಗೆ ಬಿಡುವುದಿಲ್ಲ. ನೀನೂ ಅವಸರ ಮಾಡಬೇಡ. ಅಮ್ಮ ಬೇರೆಯಾಗಿಯೇ ಬರೆಯುತ್ತಾಳೆ. ನೂರು ಕಾಲ ಬಾಳು ಮಗಳೇ.

ನಿನ್ನ
ಅಪ್ಪ

ತಾ.ಕ.: ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಕಳೆದ ಸಲ ನೀನು ಆಸ್ಪತ್ರೆಯಿಂದ ಬಂದಾಗ ಹಂಬಲ ತಡೆಯುವ ನಿನ್ನ ಮಾತ್ರೆಗಳು ಕಳೆದುಹೋಗಲಿಲ್ಲ. ಅವಿಲ್ಲದೆಯೂ ನೀನು ಇರಬಲ್ಲೆ ಎಂದು ತೋರಿಸಲು ನಾನೇ ತೆಗೆದು ಟೂಲ್‌ಬಾಕ್ಸಿನಲ್ಲಿ ಬಚ್ಚಿಟ್ಟಿದ್ದೆ. ನೀನು ಬೆವರುತ್ತ ಮನೆಯೆಲ್ಲ ಜಾಲಾಡುತ್ತಿದ್ದಾಗ ನಾನೂ ಮಂಚದ ಕೆಳಗೆ ಬಗ್ಗಿ ಹುಡುಕಿದಂತೆ ಮಾಡಿದೆ. ನಾಲ್ಕನೆಯ ದಿನ ನೀನು ಮತ್ತೆ ಹಳೆಯ ನೋವಿನ ಮಾತ್ರೆಗೇ ಹೋದೆ. ಎಲ್ಲರೂ ನಿನ್ನನ್ನೇ ಬೈದರು, ನಾನೂ ಬೈದೆ. ಈಗ ಡಾಕ್ಟರಿಗೂ ಅಮ್ಮನಿಗೂ ಹೇಳಿಬಿಟ್ಟಿದ್ದೇನೆ. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನೀನು ಬರಬೇಕೆಂದು ಜೀವ ಹಂಬಲಿಸುತ್ತಿದೆ. ಆದರೂ ನಾನಿರುವ ಮನೆಗೆ ಬರಲು ಮನಸ್ಸಿಲ್ಲದಿದ್ದರೆ ಬೇಡ, ಚಿಕ್ಕಮ್ಮನ ಮನೆಗೆ ಹೋಗು. ಎಲ್ಲಿದ್ದರೂ ಹಂಬಲ ತಡೆಯುವ ಆ ಮಾತ್ರೆ ಬಿಡಬೇಡ.