ಹೋಕುಲಾನಿ ಆಂಟಿಯ ದಡ

ಜನವರಿ 8, ಸೋಮವಾರ. ಬೆಳಿಗ್ಗೆ 6

ಇವತ್ತೂ ಅಲೆ ದೊಡ್ಡದು. ಒಳ್ಳೆಯದೇ. ದಡ ಅಳೆಯುವುದು ಚಳಿಗಾಲದಲ್ಲೇ. ನಮ್ಮ ಕವಾಯಿ ದ್ವೀಪದ ಉತ್ತರದ ಕಡಲು ಬೇಸಿಗೆಯಲ್ಲಿ ಬಲು ಸಾಧು, ಆಗ ಅಳೆದರೆ ಮೋಸ ಹೋಗುತ್ತೇವೆ.

ಹಡಗಿನವರಿಗೆ ನೆಲ ಕಂಡರೆ ಅದೇ ದಡ. ನಕ್ಷೆಯವರಿಗೆ ಉಬ್ಬರದ ನೀರಿನ ಸರಾಸರಿ ಗೆರೆ. ನಮ್ಮ ಕಾನೂನಿಗೆ ಮಾತ್ರ, ವರ್ಷದ ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಹತ್ತುತ್ತದೋ ಅಲ್ಲಿ. ಅದರ ಕೆಳಗಿನ ಮರಳು ಎಲ್ಲರದು. ಗುರುತು: ಗಿಡ ಎಲ್ಲಿಂದ ಶುರು, ಕಸಕಡ್ಡಿ ಎಲ್ಲಿ ನಿಂತಿದೆ. ಇಷ್ಟು ನೋಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ.

ನಾಳೆ ಹೋಕುಲಾನಿ ಆಂಟಿಯ ಜಾಗ. ನನಗೆ ಬೀಸುಬಲೆ ಕಲಿಸಿದವರು. ಮನೆಯ ಕಂಬ ಗೆದ್ದಲು ತಿಂದಿದೆ, ಹೊಸದಾಗಿ ಕಟ್ಟಬೇಕು. ದಡದಿಂದ ನಲವತ್ತು ಅಡಿ ದೂರವಿದ್ದರೆ ಮಾತ್ರ ಪರವಾನಗಿ.

ಜ. 9

ಪೊದೆಯ ಅಂಚಿನಿಂದ ಮನೆಗೆ ನಲವತ್ತಾರು ಅಡಿ! ಖುಷಿಯಾಯಿತು. ಬಗ್ಗಿ ನೋಡಿದೆ... ನೌಪಾಕ ಪೊದೆಯ ಬುಡದಲ್ಲಿ ನೀರಿನ ಪೈಪು.

ಗಿಡಕ್ಕೆ ಸಿಹಿನೀರು ಕುಡಿಸಿ ಬೆಳೆಸಿ ದಡದ ಗೆರೆಯನ್ನೇ ಕಡಲಿನತ್ತ ತಳ್ಳುವುದು ಇಲ್ಲಿ ದುಡ್ಡಿದ್ದವರ ಕಸುಬು. ಹೋದ ವರ್ಷ ಪಕ್ಕದ ಜಾಗದ ವಿಟ್‌ಲಾಕ್ ಇದನ್ನೇ ಮಾಡಿದ್ದ. ನಾನೇ ಅವನ ಗೆರೆಯನ್ನು ಹದಿನೆಂಟು ಅಡಿ ಹಿಂದಕ್ಕೆ ಎಳೆದಿದ್ದೆ. ಎದೆ ಉಬ್ಬಿಸಿಕೊಂಡು.

"ಆಂಟಿ, ಈ ಪೈಪು ಯಾರು ಹಾಕಿದ್ದು?"

"ನಾನೇ ಕಣೋ. ನಮ್ ಯಜಮಾನ್ರು ನೆಟ್ಟಿದ್ ಗಿಡ, ಒಣಗ್ತಿತ್ತು. ಪಾಪ ಅನ್ನಿಸ್ತು."

ಪೈಪು ಏನು ಮಾಡುತ್ತದೆಂದು ಅವರಿಗೆ ಗೊತ್ತೇ ಇಲ್ಲ. ನಾನೂ ಹೇಳಲಿಲ್ಲ. ನಲವತ್ತಾರು ಎಂದು ಬರೆದುಕೊಂಡು ಬಂದೆ.

ಜ. 16, ಸಂಜೆ

ಕಡಲಿನ ವಿಷಯದಲ್ಲಿ ಹಳಬರ ಮಾತು ನಮ್ಮಲ್ಲಿ ದಾಖಲೆಯಷ್ಟೇ ಗಟ್ಟಿ. ಆಂಟಿಯ ಹೇಳಿಕೆಯನ್ನು ನಾನೇ ಬರೆದುಕೊಂಡು ಹೋಗಿದ್ದೆ — 'ಅಲೆ ಪೊದೆ ದಾಟಿದ್ದನ್ನು ನೋಡಿಲ್ಲ'. ಸಹಿ ಒಂದೇ ಬಾಕಿ. ಕನ್ನಡಕ ಹಾಕಿ ಎರಡು ಸಲ ಓದಿದರು.

"ಇದ್ಯಾವನೋ ಬರ್ದಿದ್ದು? ವರ್ಷಾ ವರ್ಷಾ ಅಲೆ ನನ್ ಅಡುಗೆಮನೆ ಮೆಟ್ಲಿಗೆ ಬರುತ್ತೆ. ನೀನ್ ಚಿಕ್ಕೋನಿದ್ದಾಗ ಅಲ್ಲೇ ಕಾಲು ನೆನೆಸ್ಕೊಂಡು ಕೂರ್ತಿದ್ದೆ, ಮರ್ತ್ಯಾ?"

"ಹಾಗಂದ್ರೆ ಮನೆ ಕಟ್ಟೋಕೆ ಬಿಡಲ್ಲ ಆಂಟಿ. ಸುಮ್ನೆ ಸಹಿ ಹಾಕಿ."

"ನನ್ ಗೆರೆ ಮುಂದೆ ಹೋದ್ರೆ ನಾಳೆ ವಿಟ್‌ಲಾಕ್ ಬಂದು ನಂಗೂ ಕೊಡು ಅಂತಾನೆ. ಆಮೇಲೆ ಬಲೆ ಹೊತ್ಕೊಂಡು ಜನ ಎಲ್ಲಿ ನಡೀಬೇಕು, ನಿನ್ ತಲೆ ಮೇಲಾ?"

ನನ್ನ ಜೇಬಿನಿಂದಲೇ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದರು. 'ಮೆಟ್ಟಿಲವರೆಗೆ' ಎಂದು ಬರೆದು ಸಹಿ ಮಾಡಿದರು. ಆಮೇಲೆ ಒಣಮೀನು ಬಡಿಸಿದರು, ಏನೂ ಆಗೇ ಇಲ್ಲ ಎನ್ನುವ ಹಾಗೆ. ನಾಚಿಕೆಯಾಯಿತು. ಒಳಗೊಳಗೇ ನಿರಾಳವೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆ.

ಜ. 30

ದಡದ ಗೆರೆಗೆ ಗೂಟ ಹೊಡೆದೆ. ಮೆಟ್ಟಿಲ ಪಕ್ಕಕ್ಕೇ. ಪರವಾನಗಿ ಇಲ್ಲ. ಆ ಕಂಬಗಳು ಇನ್ನೊಂದು ಚಳಿಗಾಲ ತಡೆಯುವುದಿಲ್ಲ, ಇಬ್ಬರಿಗೂ ಗೊತ್ತು. ಆಂಟಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ಗೂಟದಿಂದಾಚೆ ಎಲ್ಲಾರ್ದು, ಅಲ್ವಾ?"

"ಹೂಂ ಆಂಟಿ."

"ಹಂಗಾದ್ರೆ ಮನೆ ಬಿದ್ಮೇಲೂ ನಾನಿಲ್ಲಿ ಚಾಪೆ ಹಾಕ್ಕೊಂಡು ಕೂರ್ಬೋದು. ಯಾವನೂ ಎಬ್ಬಿಸೋ ಹಾಗಿಲ್ಲ."

"ಯಾವನೂ ಎಬ್ಬಿಸಲ್ಲ," ಎಂದೆ. ಕೂರಬಹುದು, ಹಗಲೆಲ್ಲ ಕೂರಬಹುದು. ಕತ್ತಲಾದ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬೇಕಿತ್ತು. ಬಾಯಿಗೆ ಬಂದಿತ್ತು, ಆದರೆ ಅವರು ಅಷ್ಟರಲ್ಲಿ ಪಕ್ಕಕ್ಕೆ ಸರಿದು, ಕೂರು ಎಂದು ಮೆಟ್ಟಿಲು ತಟ್ಟಿದರು. ಹೋಗಿ ಕೂತೆ.