ಬೋಗಿಯ ಮೇಲೆ ಕುಣಿದ ಅಪ್ಪ

ಅಪ್ಪಾ,

ನಿನ್ನನ್ನು ಬಲಿ ತೆಗೆದುಕೊಂಡ ಆ ರೈಲು ಅಪಘಾತದ ಮೇಲೆ ಆಗಲೇ ಸಿನಿಮಾ ಬಂದಿದೆ. ಇಷ್ಟು ಬೇಗ ಕಾಸು ಮಾಡಿಕೊಳ್ಳಲು ಹೊರಟರಲ್ಲ ಎಂದು ಬೈದುಕೊಂಡೇ ಅಮ್ಮನೂ ನಾನೂ ಇವತ್ತು ನೋಡಿ ಬಂದೆವು.

ರೈಲಿನ ಅಡುಗೆಯವನಾದ ನಿನಗೆ ಆರಡಿ ಎತ್ತರ ಕೊಟ್ಟಿದ್ದಾರೆ! ಸೌಟು ಹಿಡಿದು ಬೋಗಿಯ ಮೇಲೆ ಕುಣಿಯುತ್ತೀಯ. ಮನೆಗೆ ಬಂದರೆ ಮಗಳೊಬ್ಬಳಿಗೇ ಎಂದು ಪುಟ್ಟ ಪಾತ್ರೆಯಲ್ಲಿ ಅಡುಗೆ ಮಾಡುತ್ತೀಯ. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಒಬ್ಬರ ಅಳತೆ ಗೊತ್ತಿತ್ತೇನೇ ಆ ಮನುಷ್ಯನಿಗೆ? ಮಾಡಿದ್ರೆ ಇಡೀ ಬೀದಿಗೆ ಹಂಚ್ಬೇಕಿತ್ತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಳ್ಳುತ್ತ ತಿರುಗಿದಳು. "ಸತ್ತವರನ್ನ ನೋಡಿ ನಗ್ತೀರಲ್ಲ, ಕರುಳಿಲ್ವಾ ನಿಮಗೆ?"

"ಅವ್ರು ನಮ್ಮ ಯಜಮಾನ್ರೇ ಕಣ್ರೀ," ಎಂದಳು ಅಮ್ಮ. "ನೀವು ಧಾರಾಳವಾಗಿ ಅಳಿ."

ಕೊನೆಯ ಸಲ ನೀನು ಮನೆಯಿಂದ ಹೊರಡುವಾಗ ಪಿಟೀಲು ಶುರುವಾಯಿತು. ನಮ್ಮನ್ನು ಅಳಿಸಲೆಂದೇ ಬಾರಿಸಿದ್ದು, ಗೊತ್ತು. ಸಿನಿಮಾದ ಮಗಳು ನಿದ್ದೆಗಣ್ಣಲ್ಲೇ ಬಾಗಿಲಿಗೆ ಓಡಿಬಂದು ನಿನ್ನನ್ನು ತಬ್ಬಿಕೊಂಡಳು. ಶುದ್ಧ ಸುಳ್ಳು, ನಿನಗೂ ಗೊತ್ತು; ಅವತ್ತು ನಾನು ಹಾಸಿಗೆಯಿಂದ ಎದ್ದೇ ಇರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು.

ನಾಳೆಯ ಆಟಕ್ಕೂ ಟಿಕೆಟ್ ತೆಗೆದುಕೊಂಡಿದ್ದೇನೆ. ಆ ಸುಳ್ಳನ್ನು ಇನ್ನೊಂದು ಸಲ ನೋಡಬೇಕು.